ಬೀರಿ ಹಾಕಿದ ಬೆಂಕಿ

ಹಟ್ಟಿಕೇರಿಯ ಮೇಲಿನ ಗುಡ್ಡದ ಅಕೇಶಿಯಾ ತೋಪು ಉರಿದುಹೋದ ಮರುದಿನವೇ ಊರವರ ಬಾಯಲ್ಲಿ ಬೀರಿಯ ಹೆಸರು ಬಂತು. ಅದು ಎರಡು ಸಾವಿರದ ನಾಲ್ಕರ ಬೇಸಿಗೆ. ಮಳೆಗಾಲ ಕೈಕೊಟ್ಟು, ಗುಡ್ಡದ ಹುಲ್ಲು ಮುಟ್ಟಿದರೆ ಮುರಿಯುವಷ್ಟು ಒಣಗಿತ್ತು. ಬೆಂಕಿ ಎಲ್ಲಿಂದ ಹತ್ತಿತೋ ಕಂಡವರಿಲ್ಲ. ಆದರೆ ಪ್ರತಿವರ್ಷ ಚಳಿ ಮುಗಿಯುವ ಮೊದಲು ತನ್ನ ಗೇರುಹಿತ್ತಲ ಸುತ್ತ ಒಣ ಎಲೆಗೆ ಕಿಚ್ಚು ಕೊಟ್ಟು, ಬೇಸಿಗೆಯ ಬೆಂಕಿ ದಾಟದಂತೆ ಒಂದು ಪಟ್ಟಿ ಸುಟ್ಟಿಡುವವಳು ಊರಲ್ಲಿ ಅವಳೊಬ್ಬಳೇ.

ಬೀರಿ ಹಾಲಕ್ಕಿ ಒಕ್ಕಲಿಗರ ಹೆಂಗಸು, ಐವತ್ತರ ಆಚೀಚೆ. ಸುಡುವುದನ್ನು ಕಲಿಸಿದವಳು ಅತ್ತೆ. ಅತ್ತೆಯ ಹಿರಿಯರು ಗುಡ್ಡದ ಇಳಿಜಾರಿನಲ್ಲಿ ಕಾಡು ಕಡಿದು ಸುಟ್ಟು, ಬೂದಿಯಲ್ಲಿ ರಾಗಿ ಬಿತ್ತಿ, ಒಂದೆರಡು ಬೆಳೆ ತೆಗೆದು ನೆಲವನ್ನು ಮತ್ತೆ ಕಾಡಿಗೇ ಬಿಟ್ಟು ಮುಂದೆ ಹೋಗುತ್ತಿದ್ದವರು. ಬ್ರಿಟಿಷರು ಆ ಕುಮರಿ ಬೇಸಾಯವನ್ನು ನಿಲ್ಲಿಸಿದ ಮೇಲೆ ಕೆಳಗಿಳಿದು, ಹಿನ್ನೀರಿನ ಅಂಚಿನ, ಉಪ್ಪುನೀರು ನುಗ್ಗುವ ಗಜನಿ ಗದ್ದೆಗಳಲ್ಲಿ ಕೂಲಿಗೆ ನಿಂತರು.

ತೋಪು ನೆಟ್ಟದ್ದು ಊರಿನ ವನಸಮಿತಿ, ಬೀರಿಯೂ ಅದರ ಸದಸ್ಯೆ. ಸಮಿತಿಯ ಅಧ್ಯಕ್ಷ ದೇವಿದಾಸ ಅವಳ ಅಂಗಳಕ್ಕೆ ಬಂದ.

"ಸಭೆಯಲ್ಲಿ ತಪ್ಪಾಯ್ತು ಅಂತ ಹೇಳು ಬೀರಿ. ಇನ್ನು ಬೆಂಕಿ ಮುಟ್ಟೂದಿಲ್ಲ ಅನ್ನು. ಅಷ್ಟಕ್ಕೆ ಮುಗೀತದೆ."

"ನಾ ಸುಟ್ಟದ್ದು ಸಂಕ್ರಾಂತಿ ಹೊತ್ತಿಗೆ. ತೋಪು ಹೊತ್ತಿದ್ದು ಮೊನ್ನೆ. ಅಲ್ಲಿವರೆಗೆ ಬೂದಿ ಒಳಗೆ ಕಿಚ್ಚು ಕೂತಿರ್ತದ್ಯೆ?"

"ಸುಡೂದು ನಿಮ್ಮವರ ಹಳೇ ಚಾಳಿ" ಎಂದು ಅವನು ಹೊರಟುಹೋದ.

ಆ ಮಾತು ಬೀರಿಯ ಎದೆಯಲ್ಲಿ ಮುಳ್ಳಾಗಿ ಕೂತಿತು. ಅದೇ ವಾರ ಗಜನಿಗೆ ದೀಪಾಲಿ ಬಂದಿದ್ದಳು. ಕಾರವಾರದ ಹಬ್ಬುವಾಡದ ಹುಡುಗಿ, ಗೋವೆಯಲ್ಲಿ ಸಂಶೋಧನೆಯ ಕೆಲಸ. ಉದ್ದನೆಯ ಕೊಳವೆಯನ್ನು ಕೆಸರಿಗೆ ಇಳಿಸಿ, ಆಳದ ಹಳೆಯ ಮಣ್ಣನ್ನು ಪದರ ಕದಡದಂತೆ ಮೇಲೆ ತೆಗೆಯುತ್ತಿದ್ದಳು. ಎಳೆಯುವ ಕೂಲಿಗೆ ಬೀರಿಯೂ ಹೋದಳು. ಕೊಳವೆ ಸೀಳಿದಾಗ ಬೂದುಬಣ್ಣದ ಕೆಸರಿನ ನಡುನಡುವೆ ಕಪ್ಪು ಗೆರೆಗಳು ಕಂಡವು.

"ಇದು ಇದ್ದಿಲು ಬೀರಕ್ಕ. ಹಿಂದೆ ಗುಡ್ಡ ಉರಿದಾಗ ಮಳೆನೀರಲ್ಲಿ ಹರಿದು ಬಂದು ಕೂತದ್ದು."

"ನಮ್ಮವರು ಸುಟ್ಟದ್ದೇ ತಂಗಿ?"

ಇಲ್ಲ ಎನ್ನಲಿ ಎಂದು ಬೀರಿ ಕಾದಳು. ದೀಪಾಲಿ ಹಾಗೆನ್ನಲಿಲ್ಲ.

"ಮೇಲಿನ ಪದರದ್ದು ಇರಬಹುದು. ಆದ್ರೆ ಕೆಳಗಿನದು ಸಾವಿರಾರು ವರ್ಷ ಹಳೇದು. ಮಳೆ ಸೊರಗಿದ ಕಾಲದಲ್ಲಿ ಕಾಡು ಒಣಗಿ ತಾನೇ ಉರೀಲಿಕ್ಕೆ ತಯಾರಾಗಿರ್ತಿತ್ತು. ಕಿಚ್ಚು ಹಾಕಿದ್ದು ಸಿಡಿಲೋ, ಮನುಷ್ಯನೋ, ಒಂದೊಂದು ಸಲ ಒಂದೊಂದು. ಕಾಡು ಉರಿದದ್ದರಲ್ಲಿ ಎರಡರದೂ ಪಾಲು ಇದೆ, ಕೈಕೊಟ್ಟ ಮಳೆದೂ, ಜನರದೂ."

ಮನೆಗೆ ಹೋಗುವಾಗ ಬೀರಿ ಗುಡ್ಡದತ್ತ ನೋಡಿದಳು. ಅತ್ತೆಯ ಹಿರಿಯರು ಸುಟ್ಟು ಬಿತ್ತಿದ ಇಳಿಜಾರಿನಲ್ಲಿ ಮತ್ತಿ, ಹೊನ್ನೆ, ನೇರಳೆ ಮರಗಳು ಒತ್ತಾಗಿ ನಿಂತಿದ್ದವು. ಅವರು ಸುಟ್ಟೇ ಇಲ್ಲ ಎಂದು ಅಲ್ಲಗಳೆಯಲು ಹೊರಟಿದ್ದಕ್ಕೆ ಅವಳಿಗೆ ನಾಚಿಕೆಯಾಯಿತು.

ಶಾಲೆಯ ಜಗಲಿಯಲ್ಲಿ ಸಭೆ ಸೇರಿತು. ದೇವಿದಾಸ ದೀಪಾಲಿಯನ್ನೂ ಕರೆಸಿದ್ದ. ಅವಳು ಗಜನಿಯಲ್ಲಿ ಹೇಳಿದ್ದನ್ನೇ ಅಲ್ಲೂ ಹೇಳಿದಳು. ಅವನು ಅರ್ಧ ಮಾತನ್ನು ಹಿಡಿದುಕೊಂಡ.

"ಕೇಳಿದ್ರಲ್ಲ? ಅಂದಿಂದ್ಲೂ ಕಾಡು ಸುಟ್ಟದ್ದು ಇವರೇ!"

ಬೀರಿ ಎದ್ದಳು. ಗಂಡ ಹುಲಿಯಾ ಸೆರಗು ಜಗ್ಗಿದ, "ಕೂತ್ಕ ಮಾರಾಯ್ತಿ." ಅವಳು ಸೆರಗು ಬಿಡಿಸಿಕೊಂಡಳು.

"ಹೌದು, ನಮ್ಮವರು ಸುಟ್ಟಾರೆ. ಸುಟ್ಟು ಉಂಡಾರೆ, ಆಮೇಲೆ ಬಿಟ್ಟಾರೆ. ಬಿಟ್ಟ ಜಾಗದಲ್ಲಿ ಕಾಡು ಎದ್ದದೆ, ಹೋಗಿ ಕಂಡ್ಕಂಡು ಬನ್ನಿ. ನೀವು ನೆಟ್ಟ ತೋಪಿನಡಿಗೆ ಒಣ ಎಲೆ ಮೊಣಕಾಲುದ್ದ ಬಿದ್ದಿತ್ತು, ಯಾರೂ ಬಾಚಲಿಲ್ಲ. ಅದು ಹೊತ್ತಿದ್ದಕ್ಕೆ ನಾ ತಪ್ಪು ಕೇಳೂದಿಲ್ಲ. ಬರೂ ವರ್ಷನೂ ಸುಡ್ತೆ. ಹಗಲಲ್ಲೇ, ನಿಮ್ಮ ಕಣ್ಣೆದುರೇ."

ಸಮಿತಿಯಿಂದ ಅವಳನ್ನು ತೆಗೆದರು. ಕೊಟ್ಟಿಗೆಗೆ ಹಾಸುವ ಸೊಪ್ಪಿಗೆ ಗುಡ್ಡ ಹತ್ತಬಾರದೆಂದರು. ಸೊಪ್ಪಿಲ್ಲದೆ ಹುಲಿಯಾ ಬೇಸರದಿಂದ ಎಮ್ಮೆ ಮಾರಿದ, ಬಹಳ ದಿನ ಹೆಂಡತಿಯೊಡನೆ ಸರಿಯಾಗಿ ಮಾತಾಡಲಿಲ್ಲ. ಚಳಿ ಬಂದಾಗ ಬೀರಿ ತಾನು ಪಟ್ಟಿ ಸುಡುವ ದಿನವನ್ನು ಮನೆಮನೆಗೆ ಹೇಳಿ ಬಂದಳು. ಸುಡುವ ದಿನ ನೀರಿನ ಕೊಡ ಹೊತ್ತು ಬಂದವಳು ಪಕ್ಕದ ಮನೆಯ ಯಶೋದಾ ಮಾತ್ರ. ದೇವಿದಾಸ ರಸ್ತೆಯಲ್ಲಿ ನಿಂತು ಕೂಗಿದ.

"ಗಾಳಿ ತಿರುಗಿದ್ರೆ ಏನ್ ಮಾಡ್ತೆ?"

"ತಿರುಗ್ತದೆ. ಅದ್ಕೇ ಕೊಡ ಇಟ್ಕಂಡದ್ದು. ನಿಂತು ನೋಡೂ ಬದ್ಲು ಹಸಿ ಟೊಂಗೆ ಹಿಡಿ, ಬಾ."

ಅವನು ಬರಲಿಲ್ಲ.

ಮತ್ತೊಂದು ಬೇಸಿಗೆಯಲ್ಲಿ ಗುಡ್ಡದ ನೆತ್ತಿಯಿಂದ ಬೆಂಕಿ ಇಳಿಯಿತು. ಸುಟ್ಟಿಟ್ಟ ಪಟ್ಟಿಯ ಬಳಿ ಬಂದು ಬಹುಪಾಲು ಸತ್ತಿತು. ಒಂದು ಕಡೆ ಮಾತ್ರ ಗಾಳಿಗೆ ಕಿಡಿ ಹಾರಿ ಒಳಗೆ ಬಿತ್ತು. ಬೀರಿ ಹಸಿ ಸೊಪ್ಪಿನಿಂದ ಬಡಿದಳು, ಹುಲಿಯಾ ಕೊಡದ ಮೇಲೆ ಕೊಡ ಸುರಿದ. ಆದರೂ ಆ ಮೂಲೆಯ ಗೇರುಮರಗಳು ಹೋದವು, ಅವಳ ಬಲಗೈಯ ಚರ್ಮ ಸುಲಿಯಿತು.

"ನಿನ್ನ ಪಟ್ಟಿ ಸಾಲ್ಲಿಲ್ಲವಲ್ಲೇ" ಎಂದರು ನೋಡಲು ಬಂದವರು.

"ಸಾಲ್ಲಿಲ್ಲ. ಅಗಲ ಮಾಡ್ತೆ."

ಮುಂದಿನ ಚಳಿಯಲ್ಲಿ ಯಶೋದಾ ತನ್ನ ಹಿತ್ತಲ ಅಂಚನ್ನೂ ಸುಟ್ಟಳು, ಅವಳನ್ನು ನೋಡಿ ಕೆಳಗಿನ ಕೇರಿಯವರೂ ಸುಟ್ಟರು. ಸಮಿತಿಗೆ ಮತ್ತೆ ಸೇರಲು ಒಮ್ಮೆ ಕೇಳಿ ನೋಡು ಎಂದು ಹುಲಿಯಾ ಹೇಳಿದಾಗ ಬೀರಿ ಗಾಯದ ಕೈಯಲ್ಲೇ ಗೇರುಸಸಿಗೆ ಗುಂಡಿ ತೋಡುತ್ತಿದ್ದಳು.

"ಬೇಕಾದ್ರೆ ಅವರೇ ಬಂದು ಕೇಳ್ಲಿ" ಎಂದಳು, ತಲೆ ಎತ್ತದೆ.