ಬೆಸ್ಸಿಯ ಕೂದಲೂ ಭಾವನ ಕೊಡೆಯೂ

ಮೈಮೇಲೆ ಕೂದಲಿಲ್ಲದ ನಾಯಿಯೆಲ್ಲ ಹುಚ್ಚು ನಾಯಿಯೇ?

ಈ ಪ್ರಶ್ನೆಯನ್ನು ನಾನು ಕಳೆದ ಭಾನುವಾರ ಅಂಕೋಲೆಯಲ್ಲಿ, ನನ್ನ ಅಕ್ಕನ ಮನೆಯ ಬಾವಿಕಟ್ಟೆಯ ಹತ್ತಿರ, ಬಡಿಗೆ ಹಿಡಿದು ನಿಂತಿದ್ದ ನೆರೆಹೊರೆಯ ಗೃಹಸ್ಥರಿಗೆ ಕೇಳಿದೆ. ಒಬ್ಬ ಹಿರಿಯರು, "ನೀ ಬದಿಗೆ ಸರಿ ತಮ್ಮಾ. ಅದು ಕಚ್ಚಿತು ಅಂದ್ರೆ ಡಿಬೇಟು ಮಾಡೂಕೆ ನೀನೇ ಇರೂದಿಲ್ಲ" ಎಂದರು. ಎಲ್ಲರೂ ನಕ್ಕರು. ನಗುತ್ತಲೇ ಒಂದು ಹೆಜ್ಜೆ ಮುಂದೆ ಬಂದರು.

ಬಟ್ಟೆ ಒಗೆಯುವ ಕಲ್ಲಿನ ಹಿಂದೆ ಒಂದು ಪ್ರಾಣಿ ಮುದುಡಿ ಕೂತಿತ್ತು. ಗುಲಾಬಿ ಬಣ್ಣದ ಬೋಳು ಮೈ. ಬೆನ್ನ ಮೇಲೆ ಬೊಬ್ಬೆ, ಕೆರೆದುಕೊಂಡ ಗಾಯ. ಬಾಯಿಂದ ನೊರೆ. ಆಗಷ್ಟೇ ಕಾರವಾರದ ಸರ್ವೀಸ್ ಮೋಟಾರಿನಿಂದ ಇಳಿದು ಬಂದ ನನಗೂ ಅದು ನಾಯಿಯೋ ಹಂದಿಮರಿಯೋ ತಿಳಿಯಲಿಲ್ಲ. ನನ್ನ ದನಿ ಕೇಳಿ ಅದು ಬಾಲ ಅಲ್ಲಾಡಿಸಿತು. ಇಲಿಯ ಬಾಲದಂಥ ಬಾಲ.

ಬೆಸ್ಸಿ!

ಬೆಸ್ಸಿ ಯಾರೆಂದು ಹೇಳಬೇಕು. ನನ್ನ ಭಾವ ಕಾರವಾರದಲ್ಲಿ ಒಬ್ಬ ಸಾಹೇಬರ ಕೈಕೆಳಗೆ ಗುಮಾಸ್ತ. ಸಾಹೇಬರು ವಿಲಾಯಿತಿಗೆ ಹೊರಟಾಗ ತಮ್ಮ ಬೇಟೆ ನಾಯಿಯನ್ನು ಭಾವನ ಕೈಗೆ ಕೊಟ್ಟರು. 'ಸೆಟ್ಟರ್' ಎನ್ನುವ ಜಾತಿಯಂತೆ. ಗೋಡಂಬಿ ಹಣ್ಣಿನ ಹಾಗೆ ಕೆಂಪು, ಕಿವಿಗೆ ಎದೆಗೆ ಬಾಲಕ್ಕೆ ಜಾಲರಿಯಂತೆ ಉದ್ದ ಕೂದಲು. ಸಾಹೇಬರು ಕೊಟ್ಟದ್ದನ್ನು ಬೇಡವೆನ್ನುವ ಗುಮಾಸ್ತ ನಮ್ಮ ಜಿಲ್ಲೆಯಲ್ಲಿ ಇನ್ನೂ ಹುಟ್ಟಿಲ್ಲ. ಭಾವ ನಾಯಿಯನ್ನು ಮೋಟಾರಿನಲ್ಲಿ ಅಂಕೋಲೆಗೆ ತಂದು ಅಕ್ಕನ ಎದುರು ನಿಲ್ಲಿಸಿ, ಮರುದಿನವೇ ಕೆಲಸಕ್ಕೆ ಹೋದ. ಸಾಕುವುದು ಅಕ್ಕನ ಪಾಲು. ಸಾಹೇಬರ ನಾಯಿ ಎಂದು ಹೇಳಿಕೊಳ್ಳುವುದು ಭಾವನ ಪಾಲು.

ನಾಯಿಯ ಜೊತೆಗೆ ಸಾಹೇಬರು ಒಂದು ಕಬ್ಬಿಣದ ಹಣಿಗೆಯನ್ನೂ ಒಂದು ಒಳ್ಳೆಯ ಬ್ರಷ್ಷನ್ನೂ ಕೊಟ್ಟಿದ್ದರು. ಹಣಿಗೆ ಅಕ್ಕನಿಗೆ ಬಂತು. ಬ್ರಷ್ಷು? ಅದರಿಂದ ಭಾವ ದಿನಾ ತನ್ನ ಕರಿ ಕೋಟು ಉಜ್ಜಿಕೊಂಡು ಕಚೇರಿಗೆ ಹೋಗುತ್ತಾನೆ. (ಇದನ್ನು ಬರೆಯಬೇಡ ಎಂದು ಭಾವ ಹೇಳಿದ್ದಾನೆ. ಬರೆದಿದ್ದೇನೆ.)

ಉದ್ದ ಕೂದಲಿನ ನಾಯಿ ಕೂದಲು ಉದುರಿಸುತ್ತದೆ. ಮರ ಎಲೆ ಉದುರಿಸಿದ ಹಾಗೆ. ಮಳೆಗಾಲ ಹೋದ ಮೇಲೆ ಒಮ್ಮೆ, ಚಳಿ ಹೋಗುವಾಗ ಇನ್ನೊಮ್ಮೆ, ವಿಪರೀತ. ಗಂಜಿಯಲ್ಲಿ ಕೂದಲು, ಉಪ್ಪಿನಕಾಯಿ ಭರಣಿಯ ಬಾಯಿಗೆ ಕಟ್ಟಿದ ಬಟ್ಟೆಯಲ್ಲಿ ಕೂದಲು, ಅಕ್ಕನ ಅತ್ತೆಯ ಮಡಿಸೀರೆಯಲ್ಲಿ ಕೂದಲು. ನಾಯಿಯ ಕೂದಲು ಹೊಟ್ಟೆಗೆ ಹೋದರೆ ಕರುಳಿಗೆ ಸುತ್ತಿಕೊಳ್ಳುತ್ತದೆ ಎಂದು ಆ ಅತ್ತೆ ಹೇಳಿದರು. ಯಾರ ಹೊಟ್ಟೆ ಸೀಳಿ ನೋಡಿದ್ದು ಎಂದು ನಾನು ಕೇಳಿದೆ. ಅಂದಿನಿಂದ ನನಗೆ ಆ ಮನೆಯಲ್ಲಿ ಚಹಾ ತಣ್ಣಗೆ ಬರುತ್ತದೆ.

ಪಕ್ಕದ ಮನೆಯ ಖಾದಿಧಾರಿಗಳೊಬ್ಬರು ಇನ್ನೂ ಮುಂದೆ ಹೋದರು. ಪರದೇಶಿ ಬಟ್ಟೆಯನ್ನೇ ಸುಟ್ಟೆವು, ಪರದೇಶಿ ಕೂದಲನ್ನು ಯಾಕೆ ಇಟ್ಟುಕೊಂಡಿದ್ದೀರಿ ಎಂದು ಭಾವನನ್ನು ಹಂಗಿಸಿದರು. ಸರಕಾರಿ ಗುಮಾಸ್ತನಿಗೆ ಈ ಮಾತು ಎಲ್ಲಿ ಚುಚ್ಚಬೇಕೋ ಅಲ್ಲಿ ಚುಚ್ಚಿತು.

ಇಷ್ಟೆಲ್ಲ ದೂರಿಗೆ ಉಪಾಯ ಅಕ್ಕನ ಕೈಯಲ್ಲೇ ಇತ್ತು. ದಿನಾ ಸಂಜೆ ಹಿತ್ತಲ ಮೆಟ್ಟಿಲಲ್ಲಿ ಕೂತು ಅವಳು ಬೆಸ್ಸಿಯನ್ನು ಬಾಚುತ್ತಿದ್ದಳು. ಬಾಚಿದ ದಿನ ಮನೆಯಲ್ಲಿ ಕೂದಲು ಇಲ್ಲ. ಬಾಚದ ದಿನ ಮನೆಯೆಲ್ಲ ಕೂದಲು. ಇದಕ್ಕಿಂತ ಸರಳ ಪ್ರಮಾಣ ಬೇಕೇ? ಆದರೆ ಮನೆಯ ಸೊಸೆ ನಾಯಿಯ ತಲೆ ಬಾಚುತ್ತ ಕೂರುವುದು ಯಾರಿಗೂ ಚೆನ್ನಾಗಿ ಕಾಣಲಿಲ್ಲ. ಅತ್ತೆ ಕೆಲಸದ ಮೇಲೆ ಕೆಲಸ ಹೇಳಿದರು. ಬಾಚುವುದು ದಿನಾ ಇದ್ದದ್ದು ವಾರಕ್ಕೊಮ್ಮೆ ಆಯಿತು. ಕೂದಲು ಇನ್ನೂ ಹೆಚ್ಚಾಯಿತು. ನೋಡಿ, ಹೇಳಲಿಲ್ಲವೇ ಎಂದು ಅತ್ತೆಯೇ ಅಂದರು.

ಕೊನೆಗೆ ಭಾವ ಒಂದು ಪರಿಹಾರ ಕಂಡುಹಿಡಿದ. ನಾಯಿಯನ್ನು ಬೋಳಿಸುವುದು.

ಯಾಕೆಂದರೆ ಸೆಕೆ ಬರುವ ಮೊದಲು ನಮ್ಮಲ್ಲಿ ಎಮ್ಮೆಯ ಕೂದಲು ಬೋಳಿಸಿ ಎಣ್ಣೆ ಹಚ್ಚುತ್ತೇವೆ. ಎಮ್ಮೆಗೆ ತಂಪು, ಹೇನೂ ಆಗುವುದಿಲ್ಲ. ಎಮ್ಮೆಗೆ ನಾಲ್ಕು ಕಾಲು, ನಾಯಿಗೂ ನಾಲ್ಕು ಕಾಲು. ಎಮ್ಮೆಗೂ ಸೆಕೆ, ನಾಯಿಗೂ ಸೆಕೆ. ಆದ್ದರಿಂದ!

ಓದುಗರೇ, ಕಾಲೇಜಿನ ಲಾಜಿಕ್ ಕ್ಲಾಸಿನಲ್ಲಿ ಇಂಥ 'ಆದ್ದರಿಂದ' ಹೇಳಿದರೆ ನಮ್ಮನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು.

ಸುಗ್ಗಿಯ ಹಬ್ಬಕ್ಕೆ ಮೊದಲು ಹೋದಾಗ ನಾನು ಭಾವನ ಎದುರು ಕೂತು ವಾದ ಮಾಡಿದ್ದೆ. ಎಮ್ಮೆಯ ಚರ್ಮ ದಪ್ಪ, ಅದು ಹಗಲೆಲ್ಲ ಕೆರೆಯಲ್ಲಿ ಬಿದ್ದಿರುತ್ತದೆ, ಮೇಲಿಂದ ಕೆಸರು ಮೆತ್ತಿಕೊಳ್ಳುತ್ತದೆ. ನಾಯಿಯ ಮೇಲಿನ ಉದ್ದ ಕೂದಲು ಬಿಸಿಲನ್ನು ತಡೆಯುತ್ತದೆ. ಕೆಳಗಿನ ಮೆತ್ತನೆ ಕೂದಲು ಸೆಕೆಗಾಲದಲ್ಲಿ ತಾನಾಗಿ ಸಡಿಲವಾಗುತ್ತದೆ, ಅದನ್ನು ಬಾಚಿ ತೆಗೆದರೆ ಗಾಳಿ ಚರ್ಮದವರೆಗೂ ಹೋಗುತ್ತದೆ. ಚೈತ್ರದಲ್ಲಿ ಸೆಕೆ ಎಂದು ಯಾರಾದರೂ ಮಾಡಿಗೆ ಹೊದೆಸಿದ ತೆಂಗಿನ ಮಡ್ಲು ಕಿತ್ತು ಹಾಕುತ್ತಾರೆಯೇ? ನಂಬಿಕೆ ಇಲ್ಲದಿದ್ದರೆ ಈಗಲೇ ಬಿಸಿಲಿನಲ್ಲಿ ನಿಂತ ಬೆಸ್ಸಿಯ ಕೂದಲೊಳಗೆ ಕೈ ಹಾಕಿ ನೋಡು, ಚರ್ಮ ತಣ್ಣಗಿದೆ ಎಂದೆ. ಭಾವ ಸ್ನಾನ ಆಗಿದೆ ಎಂದು ಕೈ ಹಾಕಲಿಲ್ಲ. ಆದರೆ "ಹೌದು ಹೌದು, ನೀ ಹೇಳೂದು ಬರೋಬರ್ ಅದೆ" ಎಂದ. ನಾನು ಗೆದ್ದೆ ಎಂದುಕೊಂಡು ಮೋಟಾರು ಹತ್ತಿದೆ.

ನಮ್ಮ ಜನರ ಜೊತೆ ವಾದ ಮಾಡುವುದರ ಸಂಕಟ ಇದೇ. ಅವರು ಸೋಲುವುದಿಲ್ಲ. ಒಪ್ಪಿಕೊಂಡುಬಿಡುತ್ತಾರೆ. ಒಪ್ಪಿಕೊಂಡು, ಮಾಡಬೇಕಾದ್ದನ್ನೇ ಮಾಡುತ್ತಾರೆ.

ಸುಗ್ಗಿಗೆ ಭಾವ ರಜೆ ಹಾಕಿ ಬಂದ. ಕೇರಿಯ ಎಮ್ಮೆಗಳನ್ನೆಲ್ಲ ಬೋಳಿಸುವ ಹಮ್ಮಣ್ಣನನ್ನು ಕರೆಸಿದ. ಅಕ್ಕ ಬೇಡವೆಂದಳಂತೆ. ನಿನ್ನ ಬಾಚುವ ಕೆಲಸ ಉಳಿಯಿತಲ್ಲ ಎಂದು ಭಾವ ಅವಳಿಗೇ ಉಪಕಾರ ಮಾಡಿದವನ ಹಾಗೆ ಮಾತಾಡಿದನಂತೆ. ಎಮ್ಮೆ ಬೋಳಿಸುವ ಕತ್ತಿಯಿಂದಲೇ ಬೆಸ್ಸಿಯ ಮೈ ಚರ್ಮದ ತನಕ ಬೋಳಾಯಿತು. ಮೇಲಿಂದ ಎಮ್ಮೆಗೆ ಹಚ್ಚುವ ಹೊನ್ನೆ ಎಣ್ಣೆಯನ್ನೇ ಅಂಗೈ ತುಂಬ ಹಚ್ಚಿದರು. ದೀಪಕ್ಕೆ ಹಾಕುವ, ದನದ ಗಾಯಕ್ಕೆ ಬಳಿಯುವ ಆ ಕಹಿ ಎಣ್ಣೆ.

ಈಗ ಹೇಳಿ, ಎಮ್ಮೆ ತನ್ನ ಬೆನ್ನು, ಹೊಟ್ಟೆ, ತೊಡೆ ಎಲ್ಲ ನೆಕ್ಕಿ ಸಾಫ್ ಮಾಡಿಕೊಳ್ಳುತ್ತದೆಯೇ? ನಾಯಿ ಮಾಡಿಕೊಳ್ಳುತ್ತದೆ. ಬೆಸ್ಸಿ ಆ ಎಣ್ಣೆಯನ್ನೆಲ್ಲ ನೆಕ್ಕಿತು. ವಾಂತಿ ಮಾಡಿತು. ಜೊಲ್ಲು ಸುರಿಸಿತು. ಹುಟ್ಟಿದ ದಿನದಿಂದ ಬಿಸಿಲು ಕಾಣದ ಚರ್ಮ ಸುಟ್ಟು ಬೊಬ್ಬೆ ಎದ್ದಿತು. ಉರಿ ತಾಳದೆ ಗಿಡಕ್ಕೆ, ಗೋಡೆಗೆ, ಬೇಲಿಗೆ ಮೈ ತಿಕ್ಕುತ್ತ ಕೇರಿ ತುಂಬ ಓಡಿತು. ಬೋಳು ಮೈ, ಕೆಂಪು ಗಾಯ, ನೊರೆ, ಗೊತ್ತುಗುರಿ ಇಲ್ಲದ ಓಟ. ಕೊಂಕಣಿಯಲ್ಲೂ ಕನ್ನಡದಲ್ಲೂ ಒಂದೇ ಕೂಗು ಎದ್ದಿತು, ಹುಚ್ಚು ನಾಯಿ ಬಂತು!

ಮೊನ್ನೆಯವರೆಗೆ ಸಾಹೇಬರ ನಾಯಿ ಎಂದು ದೂರದಿಂದ ಕೈಮುಗಿದವರಿಗೂ ಅದು ಬೆಸ್ಸಿ ಎಂದು ಗುರುತು ಸಿಗಲಿಲ್ಲ. ಕೂದಲು ಹೋಯಿತು, ಹೆಸರೂ ಹೋಯಿತು.

ನಾನು ಮೋಟಾರು ಇಳಿದು ಬಂದದ್ದು ಇದರ ನಡುವೆ. ಬೋಳು ಮೈ ಕಂಡು, ಹೊನ್ನೆ ಎಣ್ಣೆಯ ವಾಸನೆ ಹಿಡಿದು, ನಾನು ಜನರಿಗೆ ಕಾರಣ ವಿವರಿಸಿದೆ. ಬಂದೂಕು ಇರುವವರನ್ನು ಕರೆಯಲು ಒಬ್ಬ ಆಗಲೇ ಓಡಿದ್ದ. ಭಾವ ಎಲ್ಲಿ? ಭಾವ ಜಗಲಿಯ ಕಂಬದ ಹಿಂದೆ. ಬೋಳಿಸಲು ಹೇಳಿದ್ದು ತಾನು ಎಂದು ಒಂದು ಮಾತು ಅವನ ಬಾಯಿಂದ ಬರಲಿಲ್ಲ. ಗುಂಪಿನಲ್ಲಿದ್ದ ಹಮ್ಮಣ್ಣ ಬಾಯಿ ತೆರೆದ. "ಬೋಳ್ಸಿದ್ದು ನಾನೇ ಮಾರಾಯ್ರಾ, ಇದು ಗುಮಾಸ್ತರ ನಾಯಿ" ಎಂದ. ಜನ ಅವನನ್ನೂ ಬದಿಗೆ ಸರಿಯಲು ಹೇಳಿದರು.

ಆಗ ಅಡಿಗೆಮನೆಯಿಂದ ಅಕ್ಕ ಬಂದಳು. ಕೈಯಲ್ಲಿ ನೀರಿನ ಚೆಂಬು. ಯಾರ ಮುಖವನ್ನೂ ನೋಡಲಿಲ್ಲ. ಬಡಿಗೆಗಳಿಗೆ ಬೆನ್ನು ಹಾಕಿ, ಒಗೆಯುವ ಕಲ್ಲಿನ ಹತ್ತಿರ ನೆಲಕ್ಕೆ ಕೂತಳು. ಈಗ ಬಡಿಗೆ ಬೀಸಿದರೆ ಮೊದಲು ಅವಳ ಬೆನ್ನಿಗೆ. ಅಂಗೈಗೆ ನೀರು ಸುರಿದುಕೊಂಡು, "ಕುಡಿ ಬೆಸ್ಸಿ, ಬೇಗ ಕುಡಿ. ಇವರಿಗೆಲ್ಲ ಊಟಕ್ಕೆ ಹೊತ್ತಾಯ್ತು" ಎಂದಳು.

ಬೆಸ್ಸಿ ಕುಡಿಯಿತು. ಅಂಗೈ ಖಾಲಿ ಮಾಡಿ ಚೆಂಬಿಗೇ ಮೂತಿ ಹಾಕಿತು.

ನೀರು ಕುಡಿದದ್ದು ಹುಚ್ಚು ನಾಯಿ ಅಲ್ಲ ಎಂದು ಯಾರೋ ಹೇಳಿದರು. ಹೌದಲ್ಲ ಎಂದರು ಉಳಿದವರು. ಬಡಿಗೆಗಳು ಕೆಳಗಿಳಿದವು. ಕೆಲವರ ಮುಖದಲ್ಲಿ ಸ್ವಲ್ಪ ನಿರಾಸೆಯೂ ಕಂಡಿತು.

ನಾನು ನಿಮಗೆ ಸುಳ್ಳು ಹೇಳುವುದಿಲ್ಲ. ಆ ಪರೀಕ್ಷೆ ಪರೀಕ್ಷೆಯೇ ಅಲ್ಲ. ಕಾರವಾರದ ಒಬ್ಬ ಡಾಕ್ಟರರನ್ನು ಕೇಳಿದೆ. ಹುಚ್ಚು ಹಿಡಿದ ನಾಯಿಯೂ ನೀರು ಕುಡಿಯಬಹುದು, ಅದನ್ನು ನಂಬಿ ಯಾರೂ ಕೈ ಒಡ್ಡಬೇಡಿ ಎಂದರು. ಬೆಸ್ಸಿಗೆ ಹುಚ್ಚಿಲ್ಲ ಎಂದು ನನಗೂ ಅಕ್ಕನಿಗೂ ಗೊತ್ತಿದ್ದದ್ದು ನೀರಿನಿಂದಲ್ಲ, ಎಣ್ಣೆಯಿಂದ. ಅಂಟುವಾಳದ ನೊರೆಯಲ್ಲಿ ಮೈ ತೊಳೆದು ಎಣ್ಣೆ ತೆಗೆದ ಮೇಲೆ ಸಂಜೆಗೆ ಜೊಲ್ಲು ನಿಂತಿತು, ಗಂಜಿ ತಿಂದಿತು. ಅಂದರೆ ಒಂದು ಮೂಢನಂಬಿಕೆ ಅದನ್ನು ಸಾವಿನ ಬಾಯಿಗೆ ನೂಕಿತು, ಇನ್ನೊಂದು ಮೂಢನಂಬಿಕೆ ಹೊರಗೆ ಎಳೆಯಿತು. ತರ್ಕ ನಡುವೆ ನಿಂತು ಬೆವರುತ್ತಿತ್ತು. ನನಗೆ ಸಿಟ್ಟು ಬರುವುದಿಲ್ಲವೇ?

ಹೋದ ಸಲ ಇದೇ ಪತ್ರಿಕೆಯಲ್ಲಿ ನಾನು ಜ್ಯೋತಿಷ್ಯದ ಮೇಲೆ ಬರೆದಾಗ, ಟೀಕೆ ಮಾಡುವುದು ಸುಲಭ, ದಾರಿ ತೋರಿಸು ಎಂದು ಕಾಗದ ಬರೆದು ಬೈದವರಿದ್ದೀರಿ. ತೋರಿಸುತ್ತೇನೆ. ಈ ಕರಾವಳಿಯಲ್ಲಿ ಸಾಹೇಬರು ಬಿಟ್ಟುಹೋದ ಜಾಲರಿ ಕೂದಲಿನ ನಾಯಿಗಳು ಅಲ್ಲಲ್ಲಿ ಇವೆ, ನನಗೆ ಗೊತ್ತು.

ಕೂದಲು ಉದುರುವ ಕಾಲದಲ್ಲಿ ದಿನಾ ಬಾಚಿ. ಮನೆಯ ಒಳಗಲ್ಲ, ಹಿತ್ತಲಲ್ಲಿ, ಗಾಳಿ ಮನೆಯ ಕಡೆ ಬೀಸದಾಗ. ತುದಿಯಿಂದ ಶುರುಮಾಡಿ ಬುಡದ ಕಡೆ ಬನ್ನಿ, ನಿಮ್ಮ ಮಗಳ ಜಡೆ ಬಿಡಿಸುವ ಹಾಗೆ. ಕಿವಿಯ ಹಿಂದೆ, ಕಂಕುಳಲ್ಲಿ, ತೊಡೆಯ ಹಿಂದೆ ಗಂಟು ಬೀಳುತ್ತದೆ. ಗಂಟಿನ ಬುಡ ಬೆರಳಲ್ಲಿ ಹಿಡಿದುಕೊಂಡರೆ ಚರ್ಮ ಜಗ್ಗುವುದಿಲ್ಲ. ಒಂದು ಹನಿ ತೆಂಗಿನೆಣ್ಣೆ ಗಂಟಿಗೆ ಮಾತ್ರ ಹಾಕಿ ಬಿಡಿಸಿ. ಬಿಡಿಸಲಾಗದ ಗಂಟನ್ನು ಕತ್ತರಿಯಿಂದ ತೆಗೆಯಿರಿ, ಕತ್ತಿಯಿಂದಲ್ಲ. ಬಾಚಿದ ಮೇಲೆ ಸ್ನಾನ, ಸ್ನಾನವಾದ ಮೇಲೆ ಬಾಚುವುದಲ್ಲ. ಗಂಟು ನೀರು ಕುಡಿದರೆ ತೆಂಗಿನ ನಾರಿನ ಕತ್ತದ ಹಗ್ಗ. ಸಮುದ್ರದಲ್ಲಿ ಆಡಿ ಬಂದರೆ ಸಿಹಿನೀರು ಹಾಕಿ ಉಪ್ಪು ತೊಳೆಯಿರಿ, ಬುಡದವರೆಗೆ ಒಣಗಿಸಿ. ಬೆರಳ ಸಂದಿಯ ಕೂದಲು, ಹೊಟ್ಟೆಯ ಕೆಳಗೆ ಕೆಸರು ಹಿಡಿಯುವ ಕೂದಲು ಸ್ವಲ್ಪ ಕತ್ತರಿಸಿದರೆ ತಪ್ಪಿಲ್ಲ. ಬೆನ್ನನ್ನು ಮುಟ್ಟಬೇಡಿ. ಇಷ್ಟೇ. ಇದಕ್ಕೆ ಇಂಗ್ಲಿಷ್ ಬೇಡ, ಕಾಲೇಜು ಬೇಡ. ಸಂಜೆಯ ಒಂದಿಷ್ಟು ಹೊತ್ತು ಬೇಕು. ಆ ಹೊತ್ತು ಯಾರದು ಎಂಬುದೇ ನಮ್ಮ ಮನೆಗಳಲ್ಲಿ ದೊಡ್ಡ ತಕರಾರು. ಗಂಡಸಿನ ಹೊತ್ತು ಅಲ್ಲ ಎಂದು ಮೊದಲೇ ತೀರ್ಮಾನವಾಗಿದೆ. ಹೆಂಗಸಿನದು ಹಾಳಾಗಬಾರದು ಎಂದು ಆಮೇಲೆ ನೆನಪಾಗುತ್ತದೆ.

ಸೋಮವಾರ ಭಾವ ಕಾರವಾರಕ್ಕೆ ಹೊರಟ. ಮಧ್ಯಾಹ್ನದ ಮೋಟಾರು. ನೆತ್ತಿಯ ಮೇಲೆ ಸೂರ್ಯ, ಕಾಲಡಿಯಲ್ಲಿ ಸುಡುವ ಹೊಯ್ಗೆ. ಹೊರಡುವಾಗ ಅವನು ನನಗೆ ಸಮಾಧಾನ ಹೇಳಿದ, ಕೂದಲಲ್ವಾ, ಬೆಳೀತದೆ ಬಿಡು ಎಂದು. ಕರಿ ಕೋಟು ಹಾಕಿಕೊಂಡ. ಮೊಳೆಗೆ ಕೈ ಹಾಕಿದ. ಟೋಪಿ ಇಲ್ಲ. ಬಾಗಿಲ ಮೂಲೆ ನೋಡಿದ. ಕೊಡೆ ಇಲ್ಲ.

ಒಳಗೆ ಅಕ್ಕ ಎರಡನ್ನೂ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಅವಳ ಕಾಲ ಹತ್ತಿರ ಬೆಸ್ಸಿ, ನನ್ನ ಹಳೆಯ ಪಂಚೆಯ ತುಂಡನ್ನು ಮೈಗೆ ಕಟ್ಟಿಸಿಕೊಂಡು ಮಲಗಿತ್ತು.

"ಕೊಡೆ ಎಲ್ಲದೆ?" ಎಂದ ಭಾವ.

"ಇಂಥಾ ಸೆಕೆಯಲ್ಲಿ ತಲಿ ಮೇಲೆ ಅದೆಲ್ಲ ಎಂತಕ್ಕೆ? ಬಿಟ್ಟು ಹೋಗಿ, ತಂಪಾಗ್ತದೆ."

"ಎಂತ ತಮಾಷೆ ಇದು? ಬಿಸಿಲಿಗೆ ತಲಿ ಸುಡ್ತದೆ."

"ಸುಡ್ತದ್ಯಾ?" ಎಂದಳು ಅಕ್ಕ.

ಅತ್ತೆ ಅಡಿಗೆಮನೆಯಲ್ಲಿ ಕೆಮ್ಮಿದರು. ಭಾವ ಟ್ರಂಕು ತೆರೆದು ಸಾಹೇಬರ ಬ್ರಷ್ಷನ್ನು ಹೊರಗೆ ತೆಗೆದು, ಅಕ್ಕನ ಪಕ್ಕದಲ್ಲಿಟ್ಟ. ಅಕ್ಕ ಟೋಪಿ ಕೊಟ್ಟಳು. ಕೊಡೆ ಕೊಡಲಿಲ್ಲ. ಮೋಟಾರಿನವನು ಹಾರ್ನು ಬಾರಿಸುತ್ತಿದ್ದ.

ಭಾವ ಹೋದ. ನಾನೂ ಅದೇ ಮೋಟಾರಿಗೆ ಹೊರಟವನು, ನನ್ನ ಕೊಡೆ ಬಿಡಿಸಿಕೊಂಡು ಅವನ ಹಿಂದೆ ನಡೆದೆ. ದಾರಿಯುದ್ದಕ್ಕೂ ಅವನ ಕತ್ತು ಕೆಂಪಾಗುವುದನ್ನು ನೋಡಿದೆ. ನೆರಳಿಗೆ ಕರೆಯಬಹುದಿತ್ತು. ಕರೆಯಲಿಲ್ಲ.

ಓದುಗರೇ, ನಿಮ್ಮ ಅಂಗಳದಲ್ಲೂ ಇಂಥ ಒಂದು ನಾಯಿ ಇದ್ದರೆ, ಕತ್ತಿಯವನನ್ನು ಕರೆಯುವ ಮೊದಲು, ಕೊಡೆ ಮನೆಯಲ್ಲೇ ಬಿಟ್ಟು ಮಧ್ಯಾಹ್ನ ಒಮ್ಮೆ ಬಂದರದ ತನಕ ಹೋಗಿ ಬರುತ್ತೀರಾ?