ರಾಂಪುರದ ಮಿಲ್ಲಿನಲ್ಲಿ ಪಿಸ್ಟನ್ ತೆಗೆದದ್ದು

ಅಥವಾ ಬಾಗಿಲು ಮುಚ್ಚಿತ್ತೇನೋ. ಮಿಲ್ಲಿನ ಬಾಗಿಲು ಹಾರುಹೊಡೆದಿತ್ತು, ಬಿಸಿಲು ನೇರವಾಗಿ ಎಂಜಿನ್ನಿನ ಮೇಲೆ ಬೀಳುತ್ತಿತ್ತು ಎಂದು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ. ಆದರೆ ಆ ಬಾಗಿಲು ಇದ್ದದ್ದು ಉತ್ತರಕ್ಕೆ, ಎಂಜಿನ್ನು ಇದ್ದದ್ದು ಒಳಮೂಲೆಯಲ್ಲಿ. ಅಲ್ಲಿಗೆ ಬಿಸಿಲು ಬರುವುದಿಲ್ಲ. ಹಾಗಾದರೆ ನನಗೆ ಅಷ್ಟು ಚೆನ್ನಾಗಿ ಕಾಣುವ ಆ ಬೆಳಕು? ಅದನ್ನು ನಾನೇ ಆಮೇಲೆ ಹಾಕಿಕೊಂಡಿರಬೇಕು. ಬೆಳಕನ್ನೇ ಹಾಕಿಕೊಂಡವನು ಇನ್ನೇನೇನು ಹಾಕಿಕೊಂಡಿದ್ದೇನೋ.

ಗಟ್ಟಿಯಾಗಿ ಗೊತ್ತಿರುವುದು ಇಷ್ಟು. ತೊಂಬತ್ತರ ದಶಕದ ನಡುವಿನ ಒಂದು ಬೇಸಿಗೆ. ರಾಂಪುರದಲ್ಲಿ ಅಪ್ಪನ ಹಿಟ್ಟಿನ ಮಿಲ್ಲು. ಕರೆಂಟ್ ಇದ್ದಾಗ ಮೋಟರು, ಹೋದಾಗ ಡೀಸೆಲ್ ಎಂಜಿನ್ನು. ಒಂದೇ ಸಿಲಿಂಡರಿನ ಹಳೆಯ ಎಂಜಿನ್ನು, ಎರಡೂ ಪಕ್ಕಕ್ಕೆ ಭಾರೀ ಕಬ್ಬಿಣದ ಚಕ್ರ. ನನಗೆ ಇಪ್ಪತ್ತು ದಾಟಿತ್ತು. ಕಾಳು ತೂಗುವುದು, ಸುರಿಯುವುದು ನನ್ನ ಕೆಲಸ. ಅವ್ವ ಆಗಲೇ ಇರಲಿಲ್ಲ.

ಮಾವ ಮೊಳಕಾಲ್ಮುರಿನಲ್ಲಿ ರೇಷ್ಮೆ ಸೀರೆ ನೇಯುತ್ತಿದ್ದ. ಮಾವ ಎಂದರೆ ಅವ್ವನ ತಮ್ಮ. ನನ್ನ ಅಕ್ಕನ ಗಂಡನೂ ಅವನೇ. ಅಪ್ಪ ಕೂಡ ಒಂದು ಕಾಲಕ್ಕೆ ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಕೂತವನೇ. ಅದನ್ನು ಬಿಟ್ಟು ಮಿಲ್ಲು ಹಾಕಿದ. ಮಾವನೂ ಬಿಟ್ಟು ಬರಲಿ, ಮಿಲ್ಲು ನೋಡಿಕೊಳ್ಳಲಿ ಎಂಬುದು ಅವನ ಹಟ. ಸಿಕ್ಕಾಗಲೆಲ್ಲ ಅದೇ ಮಾತು.

“ಆ ಕುಣಿಯಾಗೆ ಇನ್ನೂ ಎಷ್ಟು ವರ್ಷ ಕೂತ್ಕಂತೀಯಲೇ?”

“ಅಲ್ಲಿ ತಣ್ಣಗೈತೆ ಭಾವ. ನಿನ್ನ ಮಿಲ್ನಾಗೆ ಕೂತ್ರೆ ಕಿವಿ ಹೋಗ್ತಾವೆ. ಆಮ್ಯಾಕೆ ನಿನ್ನ ಮಗಳು ಬೈಯೋದು ನಂಗೆ ಕೇಳ್ಸಾದೆಂಗೆ?”

ಎಂಜಿನ್ನು ಕೆಟ್ಟದ್ದು ಶೇಂಗಾ ಎಣ್ಣೆಯಿಂದ. ಎಂಜಿನ್ ಆಯಿಲ್ ತರಲೆಂದು ಅಪ್ಪ ಚಳ್ಳಕೆರೆಗೆ ಹೋಗಿದ್ದ. ಅಂಗಡಿ ಮುಚ್ಚಿತ್ತು. ಚಳ್ಳಕೆರೆಯಲ್ಲಿ ಏನು ಮುಚ್ಚಿದರೂ ಶೇಂಗಾ ಎಣ್ಣೆಗೆ ಬರವಿಲ್ಲ. ಬಸ್ಸಿಳಿಯುತ್ತಲೇ ಮೂಗಿಗೆ ಹತ್ತುವುದು ಎಣ್ಣೆ ಮಿಲ್ಲುಗಳ ವಾಸನೆ. ಎಣ್ಣೆ ಎಣ್ಣೆಯೇ ತಾನೇ ಎಂದು ಒಂದು ಡಬ್ಬ ತಂದು ಎಂಜಿನ್ನಿನ ಹೊಟ್ಟೆಗೆ ಸುರಿದ. ಎಂಜಿನ್ನು ಓಡಿತು. ಚೆನ್ನಾಗಿಯೇ ಓಡಿತು. ಬಜ್ಜಿ ಕರಿದ ವಾಸನೆ ಬರುತ್ತಿತ್ತು, ಹಿಟ್ಟಿಗೆ ಬಂದ ಹೆಂಗಸರು “ನಮಗೊಂದೆಲ್ಡು ಹಾಕಪ್ಪ” ಎಂದು ನಗುತ್ತಿದ್ದರು. ಆಮೇಲೆ ಕೆಲವು ವಾರ ಕರೆಂಟ್ ಕೈಕೊಡಲಿಲ್ಲ, ಎಂಜಿನ್ನು ಸುಮ್ಮನೆ ನಿಂತಿತು. ಮತ್ತೆ ಕರೆಂಟ್ ಹೋದ ದಿನ ಹ್ಯಾಂಡಲ್ ಹಾಕಿದರೆ ಚಕ್ರ ಕೂದಲೆಳೆಯಷ್ಟೂ ಅಲ್ಲಾಡಲಿಲ್ಲ. ಎಣ್ಣೆ ಒಳಗೇ ಅಂಟಾಗಿ, ಪಿಸ್ಟನ್ನನ್ನು ಸಿಲಿಂಡರಿಗೆ ಕಚ್ಚಿಸಿಬಿಟ್ಟಿತ್ತು.

ಬಳ್ಳಾರಿಯ ಮೇಸ್ತ್ರಿ ವಾರ ಬಿಟ್ಟು ಬರುತ್ತೇನೆಂದ. ಅಪ್ಪ ಕಾಯಲಿಲ್ಲ. ಹಿಂದೊಮ್ಮೆ ಅವನು ಬಿಚ್ಚುವಾಗ ಪಕ್ಕದಲ್ಲಿ ನಿಂತು ನೋಡಿದ್ದ. ಮೊದಲು ಮೇಲಿನ ಹೆಡ್ ತೆಗೆಯಬೇಕು. ಕೆಳಗೆ, ಎಂಜಿನ್ನಿನ ಮಗ್ಗುಲಲ್ಲಿ ಒಂದು ಸಣ್ಣ ಕಿಂಡಿ ಇದೆ. ಅದರೊಳಗೆ ಕೈ ಹಾಕಿ, ಪಿಸ್ಟನ್ನಿನ ರಾಡು ಚಕ್ರ ತಿರುಗಿಸುವ ಸೊಟ್ಟ ಅಚ್ಚನ್ನು, ಕ್ರ್ಯಾಂಕನ್ನು, ತಬ್ಬಿಕೊಂಡಿರುವಲ್ಲಿ ಎರಡು ನಟ್ಟು ಬಿಚ್ಚಬೇಕು. ಬಿಚ್ಚಿದರೆ ಅರ್ಧ ಬಳೆಯಂಥ ಒಂದು ಮುಚ್ಚಳ ಕೈಗೆ ಬರುತ್ತದೆ. ಆಮೇಲೆ ರಾಡನ್ನು ಕೆಳಗಿನಿಂದ ತಳ್ಳಿ, ಪಿಸ್ಟನ್ನು ರಾಡು ಎರಡನ್ನೂ ಒಟ್ಟಿಗೆ ಮೇಲಿನಿಂದ ಎತ್ತುವುದು. ತೊಡಕಿದ್ದದ್ದು ಆ ಕಿಂಡಿಯಲ್ಲಿ. ಅಪ್ಪನ ಕೈ ಹೋಗಲಿಲ್ಲ. ನನ್ನದು ಅರ್ಧಕ್ಕೇ ಸಿಕ್ಕಿಕೊಂಡಿತು. ಮಾವನಿಗೆ ಹೇಳಿಕಳಿಸಿದೆವು.

ಅಕ್ಕನೂ ಜೊತೆಗೆ ಬಂದಳು. ಬಂದವಳೇ ಅಪ್ಪನ ಮೇಲೆ ಹರಿಹಾಯ್ದಳು. “ಮಗ್ಗದ ಮ್ಯಾಲೆ ಮದ್ವೆ ಸೀರೆ ಅರ್ಧಕ್ಕೈತೆ. ಈಯಪ್ಪನ ಬೆರಳಿಗೇನಾರ ಆದ್ರೆ ಎಳೆ ಯಾರು ಕೂಡಿಸ್ತಾರೆ? ನೀನು ಬರ್ತೀಯಾ?”

ಅವಳ ಮಾತು ಸುಳ್ಳಲ್ಲ. ರೇಷ್ಮೆ ಎಳೆ ಕಡಿದರೆ ಮಾವ ಅತ್ತ ನೋಡದೆಯೇ ಎಡಗೈಯ ಬೆರಳುಗಳಲ್ಲಿ ಹೊಸೆದು ಕೂಡಿಸುತ್ತಿದ್ದ. ಆ ಮನೆ ನಡೆಯುತ್ತಿದ್ದದ್ದು ಆ ಬೆರಳುಗಳ ಮೇಲೆ.

“ಒಳಗೆ ಹುಲಿ ಐತೇನೆ?” ಎಂದ ಅಪ್ಪ. “ನಿನ್ ಗಂಡನ ಕೈ ಹೆಣ್ಮಕ್ಕಳ ಕೈ ಇದ್ದಂಗೆ ಐತೆ. ಅದಕ್ಕೇ ಕರೆಸಿದ್ದು.”

“ಹಂಗಾದ್ರೆ ಬಳೆ ತೊಡ್ಸೇ ಕಳ್ಸು ಭಾವ,” ಎಂದು ಮಾವ ಅಂಗಿಯ ತೋಳು ಮಡಚಿದ.

ಹೆಡ್ ತೆಗೆದಾಗ ಪಿಸ್ಟನ್ನಿನ ತಲೆ ಕಂಡಿತು, ಕರ್ರಗೆ, ಸುಟ್ಟ ರೊಟ್ಟಿಯಂತೆ. ಸೀಮೆಎಣ್ಣೆ ಹುಯ್ದು ಬಿಟ್ಟೆವು. ಕೆಳಗಿನ ಎಣ್ಣೆ ಇಳಿಯಲೇ ಇಲ್ಲ. ಬೆಲ್ಲದ ಪಾಕದಂತಾಗಿದ್ದುದನ್ನು ಗೋರಿ ತೆಗೆಯಬೇಕಾಯಿತು. ಮೇಸ್ತ್ರಿ ಕಿಂಡಿಗೆ ಕೈ ಹಾಕುವ ಮೊದಲು ಚಕ್ರದ ಕಡ್ಡಿಗಳ ನಡುವೆ ಒಂದು ಹಾರೆ ತೂರಿಸಿಡುತ್ತಿದ್ದ, ತಿರುಗದಿರಲೆಂದು. ಮಾವ ಅದನ್ನೇ ಕೇಳಿದ.

“ಮೂರು ಜನ ಜಗ್ಗಿದ್ರೂ ಅಲ್ಲಾಡಲಿಲ್ಲ, ನೀನೇ ನೋಡಿದೆಲ್ಲ. ಇದಕ್ಕ್ಯಾಕಲೇ ಹಾರೆ?” ಎಂದ ಅಪ್ಪ.

ಆ ಮಾತು ನಮಗೆಲ್ಲ ಸರಿಯೆಂದೇ ಅನ್ನಿಸಿತು. ಆದರೆ ಚಕ್ರವನ್ನು ಹಿಡಿದಿದ್ದದ್ದು ಕಚ್ಚಿಕೊಂಡ ಪಿಸ್ಟನ್ನು. ಪಿಸ್ಟನ್ನಿಗೂ ಚಕ್ರಕ್ಕೂ ನಡುವೆ ಇದ್ದದ್ದು ಆ ರಾಡು ಒಂದೇ. ಮುಚ್ಚಳ ಕಳಚಿದ ಕ್ಷಣಕ್ಕೆ ಚಕ್ರ ಯಾರ ಹಿಡಿತದಲ್ಲೂ ಇರುವುದಿಲ್ಲ. ಕ್ರ್ಯಾಂಕಿನ ಭಾರ ಒಂದೇ ಪಕ್ಕಕ್ಕಿದೆ, ಅದು ಕೆಳಗೆ ಬಂದೇ ಬರುತ್ತದೆ. ಇಷ್ಟನ್ನು ನಾನು ಈಗ ಎಷ್ಟು ಸಲೀಸಾಗಿ ಬರೆದೆ.

ಮೊದಲ ನಟ್ಟು ಬಂತು. ಎರಡನೆಯದಕ್ಕೆ ಮಾವ ಹೊರಗಿನಿಂದ ಬಲಗೈಯಲ್ಲಿ ಸ್ಪ್ಯಾನರಿನ ತುದಿ ಹಿಡಿದು, ಮುಚ್ಚಳ ಕೆಳಗೆ ಬೀಳದಂತೆ ಎಡಗೈಯನ್ನು ಒಳಗೆ ಅಡಿಯಲ್ಲಿ ಕೊಟ್ಟ. “ಬಂತು ಬಂತು” ಎಂದ. ಅವನು ಕೂಗಿದ್ದು ನನಗೆ ನೆನಪಿಲ್ಲ, ಕೂಗಿದ್ದು ಅಕ್ಕ. ಚಕ್ರ ಕಾಲು ಸುತ್ತು ತಿರುಗಿ ನಿಂತಿತ್ತು. ಕೈ ಒಳಗೇ ಇತ್ತು.

ಅಲ್ಲಿಂದ ನನಗೆ ಉಳಿದಿರುವುದು ಒಂದೇ ಚಿತ್ರ: ಚಕ್ರದ ಅಂಚಿನ ಮೇಲೆ ಅಪ್ಪನ ಎರಡೂ ಕೈ. ಅದರಲ್ಲಿ ಅನುಮಾನವಿಲ್ಲ. ಕೈ ಬಿಡಿಸಬೇಕಾದರೆ ಚಕ್ರವನ್ನು ಹಿಂದಕ್ಕೆ ತಿರುಗಿಸಲೇಬೇಕಿತ್ತು, ತಿರುಗಿಸಿದವನು ಅಪ್ಪನೇ. ಆದರೆ ಆ ಕೈಗಳು ಅಲ್ಲಿಗೆ ಆಗ ಬಂದವೋ, ಮೊದಲಿನಿಂದಲೂ ಅಲ್ಲೇ ಇದ್ದವೋ? ಚಿತ್ರಕ್ಕೆ ಹಿಂದೂ ಇಲ್ಲ, ಮುಂದೂ ಇಲ್ಲ.

ಈರುಳ್ಳಿ ಲಾರಿಯೊಂದು ಮಾವನನ್ನೂ ಅಕ್ಕನನ್ನೂ ಬಳ್ಳಾರಿಗೆ ಮುಟ್ಟಿಸಿತು. ಆಸ್ಪತ್ರೆಯಲ್ಲಿ ಎಡಗೈಯ ಎರಡು ಬೆರಳು ತೆಗೆದರು, ಹೆಬ್ಬೆರಳ ಪಕ್ಕದವು.

ಪಿಸ್ಟನ್ನು ಹೊರಬಂದದ್ದು ಮರುದಿನ. ಮಿಲ್ಲಿನ ಮುಂದೆ ರಾಗಿ ಚೀಲಗಳು ಸಾಲುಗಟ್ಟಿದ್ದವು. ಈ ಸಲ ಅಪ್ಪ ಹಾರೆ ತೂರಿಸಿದ. ನಾನು ಕೆಳಗಿನಿಂದ ಮರದ ತುಂಡು ಕೊಟ್ಟು ಗುದ್ದಿದೆ, ಅಪ್ಪ ಮೇಲಿನಿಂದ ಎಳೆದ. ಬೆಳಗೆಲ್ಲ ಬಾರದ್ದು ಒಮ್ಮೆಲೇ ಸರಕ್ಕನೆ ಬಂತು. ಪಿಸ್ಟನ್ನಿನ ಮೈಗೆಲ್ಲ ಕಂದು ಅಂಟು, ಉಂಗುರಗಳು ಅದರಲ್ಲಿ ಹೂತುಹೋಗಿದ್ದವು. ರಾಡಿನ ಕೆಳತುದಿಯನ್ನು ಅಪ್ಪ ಬಟ್ಟೆಯಿಂದ ಒರೆಸಿದ. ಮತ್ತೆ ಒರೆಸಿದ. ಬಟ್ಟೆಯನ್ನು ನನಗೆ ತೋರಿಸದೆ ಸೀಮೆಎಣ್ಣೆಯ ಡಬ್ಬಕ್ಕೆ ಹಾಕಿದ.

ಅಕ್ಕ ಆಸ್ಪತ್ರೆಯಿಂದ ಬಂದವಳು ಬಾಗಿಲಲ್ಲೇ ನಿಂತು ಹೇಳಿದಳು: “ನೀನು ಚಕ್ರ ಹಿಡ್ಕಂಡಿದ್ದೆ. ಬಿಟ್ಟೆ. ನಾನು ನೋಡೀನಿ.”

“ಅವನ ಕೈ ಬಿಡ್ಸಾಕೆ ಹಿಡಿದಿದ್ದು ಕಣೇ. ಅದಕ್ಕೂ ಮದ್ಲು ನಾನು ಮುಟ್ಟೇ ಇಲ್ಲ.”

“ಅವರು ಮಿಲ್ಲಿಗೆ ಬರ್ಲಿ ಅಂತ ಆಸೆ ಇತ್ತಲ್ಲ ನಿಂಗೆ. ಬರ್ತಾರೆ ಬಿಡು ಇನ್ನ.”



ಅರ್ಧ ಸೀರೆಯನ್ನು ಬೇರೆ ಯಾರೋ ನೇಯ್ದು ಮುಗಿಸಿದರು. ಮಾವ ಕೆಲವು ತಿಂಗಳು ಕುಣಿಯಲ್ಲಿ ಕೂತು ನೋಡಿದ. ಎಳೆ ಕಡಿದಾಗ ಅಕ್ಕ ಬಂದು ಕೂಡಿಸಬೇಕಿತ್ತು. ಅವಳು ಬರುವಷ್ಟರಲ್ಲಿ ಇನ್ನೊಂದು ಕಡಿದಿರುತ್ತಿತ್ತು. ಮಗ್ಗ ಬಿಚ್ಚಿ ಮಾರಿ ಇಬ್ಬರೂ ರಾಂಪುರಕ್ಕೆ ಬಂದರು. ಅಪ್ಪ ಸಾಯುವವರೆಗೆ ಮಾವ ಆ ಮಿಲ್ಲಿನಲ್ಲೇ ಕಾಳು ಸುರಿದ, ಅದೇ ಎಂಜಿನ್ನಿಗೆ ಹ್ಯಾಂಡಲ್ ಹಾಕಿದ. ಅಪ್ಪ ಮಾವ ಇಬ್ಬರೂ ಒಂದೇ ಡಬ್ಬಿಯಲ್ಲಿ ಊಟ ಮಾಡುತ್ತಿದ್ದರು. ಅಕ್ಕ ಡಬ್ಬಿ ಕಳಿಸುತ್ತಿದ್ದಳು, ಮಿಲ್ಲಿನೊಳಗೆ ಕಾಲಿಡಲಿಲ್ಲ.

ಅಪ್ಪ ಹೋದ ಮೇಲೆ ಒಂದು ಸಲ ಮಾವನನ್ನು ಕೇಳಿದೆ, ಅಪ್ಪ ಚಕ್ರ ಹಿಡಿದು ಬಿಟ್ಟದ್ದು ನಿಜವೇ ಎಂದು.

“ನಾನು ಒಳಗೆ ನೋಡ್ತಿದ್ನಲ್ಲೋ,” ಎಂದ. “ಹೊರಗಿದ್ದೋನು ನೀನು. ನೀನೇ ಹೇಳು.”

ಅವನು ಉತ್ತರಕ್ಕೆ ಕಾಯುತ್ತಿದ್ದ. ತಮಾಷೆಗೆ ಕೇಳಿದ್ದಲ್ಲ. ಇಷ್ಟು ವರ್ಷವೂ ನನಗೆ ಗೊತ್ತಿದೆ ಎಂದುಕೊಂಡೇ ಇದ್ದನೆಂದು ಕಾಣುತ್ತದೆ. ಆ ದಿನ ಆ ಹೊತ್ತಿಗೆ ನಾನು ಮೇಲೆ ಬಗ್ಗಿ ಪಿಸ್ಟನ್ನಿನ ತಲೆ ನೋಡುತ್ತಿದ್ದೆ, ಅಲ್ಲಾಡುತ್ತದೆಯೋ ಎಂದು. ಚಕ್ರ ತಿರುಗುವ ಮೊದಲು ಅಪ್ಪನ ಕೈ ಎಲ್ಲಿತ್ತು ಎಂಬುದು ನನಗೆ ಗೊತ್ತಿಲ್ಲ.