ಮೊಣಕಾಲಿನ ಚಿಪ್ಪಿಗೊಂದು ಸೀಟು

ಬಸವಕಲ್ಯಾಣದಲ್ಲಿ ಹುಮನಾಬಾದ್ ಬಸ್ ಹತ್ತಿ, ಕಂಕುಳಲ್ಲಿ ಮಗುವನ್ನಿಟ್ಟುಕೊಂಡೇ ಗರ್ರನೆ ತಿರುಗಿದೆ. ಪಾದ ಅಲ್ಲೇ ಉಳಿಯಿತು, ಮೊಣಕಾಲಿನ ಚಿಪ್ಪು ಪಕ್ಕಕ್ಕೆ ಜಾರಿತು. ಚೀರುತ್ತ ಸೀಟಿನಲ್ಲಿ ಕುಸಿದೆ.

ಮಗುವನ್ನು ಎತ್ತಿಕೊಂಡ ನರ್ಸ್ ಒಬ್ಬಳು, "ಚಿಪ್ಪು ಒತ್ತಬ್ಯಾಡ್ರಿ ಅಕ್ಕಾ. ಕಾಲು ಹಗೂರಕ ನೆಟ್ಟಗ ಚಾಚ್ರಿ, ತಾನೇ ಕೂಡ್ತದ" ಎಂದಳು.

ಚಾಚಲು ಪಕ್ಕದ ಸೀಟು ಬೇಕು. ಅದರ ಮೇಲೆ ಯಾರೋ ಕಿಟಕಿಯಿಂದ ಎಸೆದ ಟವೆಲ್ ಇತ್ತು. ಇಡೀ ಬಸ್ಸು ನನಗಾಗಿ ಮರುಗಿತು, ಟವೆಲ್ ಮಾತ್ರ ಯಾರೂ ಮುಟ್ಟಲಿಲ್ಲ.

"ಮಂದೀ ಸೀಟ್ ಅದ, ಅಂವಾ ಬರ್ಲಿ ತಡೀರಿ" ಎಂದ ಎದುರಿನ ಮುದುಕ.

"ಅಲ್ಲೀತನಕ ಚಿಪ್ಪು ಕಾಯ್ತದೇನ್ರಿ ಕಾಕಾ?" ಎಂದು ಟವೆಲ್ ಮೇಲೆಯೇ ಕಾಲು ಚಾಚಿದೆ. ಚಿಪ್ಪು ಟಕ್ಕನೆ ಕೂತಿತು.

ಅಷ್ಟರಲ್ಲಿ ಟವೆಲಿನವನು ಬಂದ. "ಈ ಕಾಲಿಗಿ ಟಿಕೇಟ್ ತಗಸೀರೇನ್ರಿ?"

ನನಗಿಂತ ಮೊದಲು ಕಂಡಕ್ಟರನೇ ಹೇಳಿದ: "ಹೆಣ್ಮಕ್ಕಳ ಕಾಲ್ರೀ ಅದು, ಪುಕ್ಕಟ್ ಅದ."